ಒಳಚಿಲಕ

ಬಾಗಿಲಿನ ಕೆಳಗಿನ ಅಂಚನ್ನು ರಂದಾ ಹೊಡೆದು ಕೀಸಲು ಹುಚ್ಚೀರಪ್ಪ ಮೊಣಕಾಲೂರಿ ಕೂತಾಗ ಒಳಗಿನಿಂದ ಯಾರೋ ಕೆಮ್ಮಿದರು.

ಅವನ ಕೈ ನಿಂತಿತು. ಆರನೇ ನಂಬರಿನ ಬಾಗಿಲು ಉಬ್ಬಿ ಹೊಸ್ತಿಲಿಗೆ ಹಿಡಿಯುತ್ತಿದೆ, ಬಂದು ಸರಿಮಾಡಿ ಹೋಗು ಎಂದು ಗೋದಾಮಿನ ಉಸ್ತುವಾರಿಯ ಕೊಟ್ರೇಶ ಹಿಂದಿನ ದಿನ ಫೋನು ಮಾಡಿದ್ದ. ಗಂಗಾವತಿಯ ಅಂಚಿನಲ್ಲಿ ಮುಚ್ಚಿಬಿದ್ದಿದ್ದ ರೈಸ್ ಮಿಲ್ಲಿನ ಈ ಗೋದಾಮಿನೊಳಗೆ ಪ್ಲೈವುಡ್ ನಿಲ್ಲಿಸಿ ಒಂಬತ್ತು ಕೋಣೆ ಮಾಡಿಕೊಟ್ಟವನು ಹುಚ್ಚೀರಪ್ಪನೇ. ಮಾಲು ಇಡಲಿಕ್ಕೆ ಎಂದು ಹೇಳಿ ಮಾಡಿಸಿದ್ದರು. ಮಾಲು ಕೆಮ್ಮುವುದನ್ನು ಅವನು ತನ್ನ ಅರವತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ.

"ಯಮನೂರಪ್ಪ, ಒಳಗ ಯಾರದಾರೋ?"

ಕಾವಲಿನ ಯಮನೂರಪ್ಪ ಸ್ಟೂಲಿನ ಮೇಲೆ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. "ಮಂದಿ ಅದಾರ" ಅಂದ.

"ಮಂದಿ ಅಂದ್ರ?"

"ಮಂದಿ ಅಂದ್ರ ಮಂದಿ. ಬರ್ಮಾದಿಂದ ಓಡಿ ಬಂದಾರಲ್ಲ, ಅವರು. ಕಾಲುವಿ ದಂಡಿಮ್ಯಾಗ ಗುಡಿಸಲಾ ಹಾಕ್ಕೊಂಡಿದ್ರು, ಸುಟ್ಟು ಹೋದ್ವಲ್ಲ. ಇಲ್ಲಿ ತಂದಿಟ್ಟು ಇಪ್ಪತ್ಮೂರು ದಿನ ಆತು."

"ಮತ್ತ ಹೊರಗಿಂದ ಚಿಲಕ ಯಾಕ ಹಾಕಿ?"

"ನಾ ಹಾಕಿಲ್ಲಪಾ, ಆರ್ಡರ್ ಹಾಕೈತಿ. ಸಂಜಿ ಎಂಟಕ್ಕ ಹಾಕೂದು. ಮುಂಜಾನೆ ಹತ್ತಕ್ಕ ಕೊಟ್ರೇಶಪ್ಪ ಬಂದು ತಲಿ ಎಣಿಸಿದ ಮ್ಯಾಲೆ ತಗಿಯೂದು."

"ಹದಿನಾಕು ತಾಸು? ನಡುವ ಹೊರಗ ಹೋಗೂದು ಬಂದ್ರ?"

"ಒಂದೊಂದು ಬಕೀಟ ಕೊಟ್ಟಾರ." ಯಮನೂರಪ್ಪ ಹುಚ್ಚೀರಪ್ಪನ ಮುಖ ನೋಡದೆ ತಂಬಾಕನ್ನು ಬಾಯಿಗೆ ಹಾಕಿಕೊಂಡ.

ಗಡಿಯಾರದಲ್ಲಿ ಇನ್ನೂ ಒಂಬತ್ತು. ಹುಚ್ಚೀರಪ್ಪ ಯಾರ ಅಪ್ಪಣೆಗೂ ಕಾಯಲಿಲ್ಲ, ತಾನೇ ಚಿಲಕ ಸರಿಸಿದ. ಅದು ಬೆಣ್ಣೆಯಂತೆ ಜಾರಿತು. ಜಾರದೆ ಏನು, ತಿಂಗಳ ಹಿಂದೆ ತಾನೇ ಎಣ್ಣೆ ಬಿಟ್ಟು, ಹತ್ತು ಸಲ ಎಳೆದು ನೋಡಿ, ಸೈ ಅಂದುಕೊಂಡಿದ್ದ.

ಒಳಗಿನ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ತಗಡಿನ ಚಾವಣಿ, ಏಪ್ರಿಲ್ ತಿಂಗಳು. ಒಂದು ಫ್ಯಾನು ಇದ್ದ ಸೆಕೆಯನ್ನೇ ತಿರುವಿ ತಿರುವಿ ಹಾಕುತ್ತಿತ್ತು. ಚಾಪೆಯ ಮೇಲೆ ಗೋಡೆಗೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ಅವಳ ಪಕ್ಕದಲ್ಲಿದ್ದ ಹುಡುಗಿ ಎದ್ದು ನಿಂತು, ಬೆಳಕಿಗೆ ಕಣ್ಣು ಕಿರಿದು ಮಾಡಿ, "ಅಜ್ಜಾರ, ಹತ್ತಾತೇನ್ರಿ?" ಎಂದು ಕೇಳಿತು.

ಬರ್ಮಾದ ಮಗು ಇಂಥ ಅಚ್ಚ ಗಂಗಾವತಿ ಮಾತಾಡೀತೆಂದು ಹುಚ್ಚೀರಪ್ಪ ಎಣಿಸಿರಲಿಲ್ಲ. ಹುಡುಗಿಯ ಹೆಸರು ಸೊಫಿಕಾ. ಆರು ವರ್ಷದಿಂದ ಇಲ್ಲೇ, ಸರಕಾರಿ ಶಾಲೆಯ ಎಂಟನೇ ಇಯತ್ತೆ. ಗುಡಿಸಲ ಜೊತೆ ಪುಸ್ತಕವೂ ಸುಟ್ಟಿತ್ತು, ಪರೀಕ್ಷೆಗೆ ಕೂತಿರಲಿಲ್ಲ. ತಾಯಿ ಸೆನುವಾರಾ ಮಿಲ್ಲುಗಳ ಅಂಗಳದಲ್ಲಿ ಕುದಿಸಿದ ನೆಲ್ಲು ಕಾಲಿನಿಂದ ತಿರುವಿ ಒಣಗಿಸುವ ಕೆಲಸ ಮಾಡಿಕೊಂಡಿದ್ದಳು. ಗಂಡ ಬರುವ ದಾರಿಯಲ್ಲೇ ಉಳಿದಿದ್ದ; ಎಲ್ಲಿ ಉಳಿದ, ಹೇಗೆ ಉಳಿದ ಎಂದು ಹುಡುಗಿ ಹೇಳಲಿಲ್ಲ, ಹುಚ್ಚೀರಪ್ಪ ಕೇಳಲಿಲ್ಲ.

ಅವನು ತಾನು ಮಾಡಿದ ಕೋಣೆಯನ್ನು ಮೊದಲ ಸಲ ಒಳಗೆ ನಿಂತು ನೋಡಿದ. ಹೆಗ್ಗಣ ನುಗ್ಗಬಾರದೆಂದು ಹೊಸ್ತಿಲನ್ನು ಗೇಣೆತ್ತರ ಎಬ್ಬಿಸಿದ್ದ. ಮಳೆಯ ತೇವ ತಾಗಬಾರದೆಂದು ಕಿಟಕಿ ಬಿಟ್ಟಿರಲಿಲ್ಲ, ಮೇಲೆ ಮೂರು ಬೆರಳಗಲ ಜಾಲರಿ ಮಾತ್ರ. ಚೀಲಗಳು ಒತ್ತರಿಸಿದರೆ ತೆರೆಯಲು ಬರಬೇಕೆಂದು ಬಾಗಿಲನ್ನು ಹೊರಗಡೆಗೆ ತಿರುಗಿಸಿದ್ದ. ನೆಲ್ಲಿಗೆ ಏನೇನು ಬೇಕೋ ಅದನ್ನೆಲ್ಲ ಮನಸ್ಸಿಟ್ಟು ಮಾಡಿದ್ದ. ಮನುಷ್ಯರಿಗೆ ಬೇಕಾದ ಒಂದನ್ನೂ ಮಾಡಿರಲಿಲ್ಲ. ಯಾರೂ ಹೇಳಿರಲಿಲ್ಲ, ನಿಜ. ಅವನು ಕೇಳಿಯೂ ಇರಲಿಲ್ಲ. ಊರಿಗೆ ಗೊತ್ತಾದರೆ ತಕರಾರು ಎದ್ದೀತೆಂದು ಕೆಲಸದವರ ಹತ್ತಿರವೂ ಮಾಲು ಅಂದಿದ್ದರಂತೆ. ಮನುಷ್ಯರು ಬರುತ್ತಾರೆ ಅಂದರೆ ಏಳುವ ತಕರಾರು ಮಾಲು ಬರುತ್ತದೆ ಅಂದರೆ ಏಳುವುದಿಲ್ಲ, ನಮ್ಮೂರಿನ ನ್ಯಾಯ ಇದು.

ಈ ತಕರಾರಿನ ಮಾತೂ ಒಂದು ಚಂದ. ಗಂಗಾವತಿಯ ಸುತ್ತ ಹೊರಗಿನಿಂದ ಬಾರದವರು ಯಾರೆಂದು ಹುಡುಕಿದರೆ ಗುಡ್ಡದ ಬಂಡೆಗಳು ಮಾತ್ರ ಸಿಕ್ಕಾವು. ಕಾಲುವೆಗೆ ನೀರು ಬಂದಾಗ ಆಂಧ್ರದ ಕಡೆಯವರು ಬಂದು ಕ್ಯಾಂಪು ಹಾಕಿದರು. ಇವತ್ತು ಆ ಕ್ಯಾಂಪುಗಳಿಗೆ ಗುಡಿ ಇದೆ, ಶಾಲೆ ಇದೆ, ಬಸ್ಸು ನಿಲ್ಲುತ್ತದೆ. ಹೆಸರಲ್ಲಷ್ಟೇ ಕ್ಯಾಂಪು ಉಳಿದಿದೆ. ಮಿಲ್ಲುಗಳಿಗೆ ಬಿಹಾರದಿಂದ ಹಮಾಲರು ಬಂದರು. ಹುಚ್ಚೀರಪ್ಪನೇ ಮೂವತ್ತು ವರ್ಷದ ಹಿಂದೆ ತನ್ನೂರು ತಳಕಲ್ಲಿನಿಂದ ಉಳಿ ಬಾಚಿ ಗೋಣಿಚೀಲದಲ್ಲಿ ಕಟ್ಟಿಕೊಂಡು ಬಂದು ಬಸ್‌ಸ್ಟ್ಯಾಂಡಿನ ಹಿಂದೆ ಮಲಗಿದವನು. ಈ ಎಲ್ಲರೂ ಸೇರಿ ಈಗ ಚಹಾದಂಗಡಿಯಲ್ಲಿ ಕೂತು ಹೊರಗಿನ ಮಂದಿಯಿಂದ ಊರು ಕೆಟ್ಟಿತು ಎಂದು ಲೊಚಗುಟ್ಟುತ್ತಿದ್ದರು. ಗುಡಿಸಲಿಗೆ ಬೆಂಕಿ ಹತ್ತಿತೋ ಹಚ್ಚಿದರೋ ಎಂಬುದನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಸೆನುವಾರಾ ಎದ್ದು ಬಂದು ಬಾಗಿಲಿನ ಒಳಮೈಯನ್ನು ಕೈಯಿಂದ ತಟ್ಟಿದಳು. "ಭಾಯ್, ಅಂದರ್ ಕಡೀ. ಏಕ್ ಕಡೀ. ಬಸ್" ಅಂದಳು. ಹಾಗೆ ಅನ್ನುವಾಗ ಅವಳ ಬಲಗೈಯ ಮಣಿಕಟ್ಟು ಬೆಳಕಿಗೆ ಬಂತು. ಬಳೆ ಇರಬೇಕಾದ ಜಾಗದಲ್ಲಿ ಸುತ್ತಲೂ ಚರ್ಮ ಕೆಂಪಗೆ ಕಿತ್ತಿತ್ತು.

"ಒಳಗ ಒಂದು ಚಿಲಕ ಹಚ್ಚಿಕೊಡ್ರಿ ಅಂತಾಳ್ರಿ ಅಮ್ಮ. ಮತ್ತೇನೂ ಬ್ಯಾಡಂತ" ಅಂದಳು ಸೊಫಿಕಾ.

"ಕೈಗೇನಾತವ್ವ ಅಕಿಗೆ?"

ಹುಡುಗಿ ತಾಯಿಯ ಕಡೆ ನೋಡಿ, ಹೇಳಬಹುದೆಂದು ಅನ್ನಿಸಿದ ಮೇಲೆ ಹೇಳಿತು. ಬಂದ ಮೂರನೇ ದಿನ ರಾತ್ರಿ ಯಾರೋ ಬಂದು ಪಕ್ಕದ ಕೋಣೆಯ ಚಿಲಕ ಸರಿಸಿದರು. ಟಾರ್ಚು ಬಿಟ್ಟು ಒಬ್ಬೊಬ್ಬರ ಮುಖ ನೋಡಿದರು, ಹೆಂಗಸರ ಮುಖದ ಮೇಲೆ ಹೆಚ್ಚು ಹೊತ್ತು ಬಿಟ್ಟರು. ಕೇಳಿದರೆ ಚೆಕಿಂಗ್ ಅಂದರು. ಯಮನೂರಪ್ಪ ಊಟಕ್ಕೆ ಹೋಗಿದ್ದ. ಅವತ್ತಿನಿಂದ ತಾಯಿ ಓಢಣಿಯ ಒಂದು ತುದಿಯನ್ನು ಬಾಗಿಲಿನ ಮೊಳೆಗೆ ಕಟ್ಟಿ, ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡು ಬೆಳಗಾಗುವ ತನಕ ಕೂತೇ ಇರುತ್ತಾಳೆ.

"ಹಗಲೊತ್ತಿನಾಗರ ಮಲಗು ಅಂದ್ರ ಮಲಗಂಗಿಲ್ರಿ. ಗಾಳಿಗೆ ಬಾಗಲಾ ಅಲುಗಿದ್ರೂ ಎದ್ದು ನಿಂದ್ರತಾಳ. ನಾ ಕೂತಿರತೀನಿ ನೀ ಮಲಗು ಅಂದ್ರೂ ಕೇಳಂಗಿಲ್ಲ." ಹುಡುಗಿ ಬಾಗಿಲಿನ ಕಡೆ ನೋಡಿ ಕೇಳಿತು. "ಅಜ್ಜಾರ, ಈ ಬಾಗಲಾ ಮಾಡಿದವರು ನೀವ ಏನ್ರಿ?"

ಹುಚ್ಚೀರಪ್ಪನಿಗೆ ಆಗ ಬಂದ ಸಿಟ್ಟು ಯಾರ ಮೇಲೆ ಎಂದು ಅವನಿಗೇ ಬಗೆಹರಿಯಲಿಲ್ಲ. ತನ್ನ ಮೇಲಂತೂ ಹೌದು. "ಹೌದವ್ವ, ನಾನ ಮಾಡೀನಿ" ಅಂದ.

ಅಷ್ಟರಲ್ಲಿ ಕೊಟ್ರೇಶ ಬಂದ. ಗೋದಾಮಿನ ಧಣಿ ಕೊಟ್ರಬಸಪ್ಪನವರ ಅಣ್ಣನ ಮಗ, ಈ ಮಂದಿಗೆ ಅನ್ನ, ಸೂರು ಕೊಟ್ಟಿದ್ದ ಧಣಿಯ ಟ್ರಸ್ಟಿನ ಕೆಲಸವೆಲ್ಲ ಅವನ ಕೈಯಲ್ಲಿ. ಒಂದೊಂದೇ ಬಾಗಿಲು ತೆಗೆಸಿ, ಬೆರಳು ಮಾಡಿ ತಲೆ ಎಣಿಸಿ, ಫೋನಿನಲ್ಲಿ ಫೋಟೋ ತೆಗೆದುಕೊಂಡ. ಹುಚ್ಚೀರಪ್ಪ ಒಳಚಿಲಕದ ಮಾತು ಎತ್ತಿದ್ದಕ್ಕೆ, "ಅದು ನನ್ನ ಕೈಯಾಗಿಲ್ಲ, ಕಾಕಾನ ಕೇಳ್ರಿ" ಅಂದುಬಿಟ್ಟ.

ಕೊಟ್ರಬಸಪ್ಪನವರು ಆನೆಗೊಂದಿ ರಸ್ತೆಯ ಕಡೆ ಹೊಸಮನೆ ಕಟ್ಟಿಸುತ್ತಿದ್ದರು. ಅಂಗಳದ ನೆರಳಿನಲ್ಲಿ ಸಾಗವಾನಿಯ ಹೆಬ್ಬಾಗಿಲು ಗೋಡೆಗೆ ಒರಗಿತ್ತು. ಅದೂ ಹುಚ್ಚೀರಪ್ಪನ ಕೈಕೆಲಸವೇ. ಮೂವತ್ತು ವರ್ಷ ಕಪಾಟು, ಕಿಟಕಿ, ಪ್ಲೈವುಡ್ ಮಾಡಿ ಮಾಡಿ ಕೈ ಜಡ್ಡುಗಟ್ಟಿದವನಿಗೆ ಸಾಗವಾನಿಯ ಹೆಬ್ಬಾಗಿಲು ಸಿಕ್ಕಿದ್ದು ಇದೇ ಮೊದಲು. ಅದಕ್ಕಾಗಿ ಎರಡು ಸಲ ಬಸ್ಸು ಹತ್ತಿ ಇಟಗಿಗೆ ಹೋಗಿ, ಮಹಾದೇವ ಗುಡಿಯ ಬಾಗಿಲವಾಡದ ಮುಂದೆ ಹಗಲೆಲ್ಲ ಕೂತು, ಕಲ್ಲಿನ ಬಳ್ಳಿಯನ್ನು ಕಾಗದಕ್ಕೆ ಇಳಿಸಿಕೊಂಡು ಬಂದಿದ್ದ. ನಾಲ್ಕು ತಿಂಗಳಿಂದ ಆ ಬಳ್ಳಿ ಅವನ ಉಳಿಯ ಕೆಳಗೆ ಎಲೆ ಎಲೆಯಾಗಿ ಏಳುತ್ತಿತ್ತು. ಬಸವ ಜಯಂತಿಗೆ ಗೃಹಪ್ರವೇಶ.

"ಸಾವುಕಾರ್ರ, ನಾ ನೆಲ್ಲಿಗಂತ ಕೋಣಿ ಮಾಡೀನಿ. ನೀವು ಮಂದೀನ್ನ ತುಂಬೀರಿ" ಅಂದ ಹುಚ್ಚೀರಪ್ಪ.

ಕೊಟ್ರಬಸಪ್ಪನವರು ಕೆಟ್ಟವರಲ್ಲ. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಮೆತ್ತನೆಯ ಮಾತು. "ಬಾ, ಕೂಡು. ಚಾ ತರಸ್ತೀನಿ. ತುಂಬೀರಿ ಅಂತ ಯಾಕಂತಿಯೋ? ಸೂರು ಕೊಟ್ಟೀವಿ. ಇಡೀ ಊರಾಗ ಒಬ್ಬರರ ಒಂದು ದನದ ಕೊಟ್ಟಿಗಿ ಕೊಟ್ಟಾರೇನು ಕೇಳು. ಎರಡೊತ್ತು ಅನ್ನ ಹಾಕ್ತೀವಿ. ಫ್ಯಾನ್ ಐತಿ, ಕುಡಿಯಾಕ ಕ್ಯಾನಿನ ನೀರು ಐತಿ. ನಾಳಿ ಕಂಬಳಿನೂ ಕೊಡೂರದೀವಿ. ಇನ್ನೇನು ಬೇಕು?"

ಊರಲ್ಲಿ ಬೇರೆ ಯಾರೂ ಏನೂ ಕೊಟ್ಟಿರಲಿಲ್ಲ ಎಂಬುದು ಸುಳ್ಳಲ್ಲ. ಸಿಟ್ಟು ಬರಿಸುವುದೂ ಅದೇ. ಒಬ್ಬನು ಕೊಟ್ಟನೆಂದು ಉಳಿದವರು ಕೈ ತೊಳೆದುಕೊಂಡಿದ್ದರು, ಕೊಟ್ಟವನು ಕೊಟ್ಟೆನೆಂದು ಚಿಲಕ ತನ್ನ ಕೈಯಲ್ಲಿ ಇಟ್ಟುಕೊಂಡಿದ್ದ.

"ಒಳಗ ಒಂದು ಚಿಲಕ ಬೇಕ್ರಿ."

"ಅದೊಂದು ಬ್ಯಾಡ." ಕೊಟ್ರಬಸಪ್ಪನವರು ಕೈಯಾಡಿಸಿದರು. "ಅವರ ಜವಾಬ್ದಾರಿ ನನ್ನ ಮ್ಯಾಲೈತಿ. ನಾಳಿ ಒಂದು ತಲಿ ಕಮ್ಮಿ ಆತಂದ್ರ ಯಾರನ್ನ ಕೇಳ್ತಾರ? ನನ್ನ. ಒಳಗಿಂದ ಹಾಕ್ಕೊಂಡು ಏನರ ಹೆಚ್ಚುಕಮ್ಮಿ ಮಾಡಿಕೊಂಡ್ರ? ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂದಂಗಾತು. ಮತ್ತ ಹೊರಗಿನ ಚಿಲಕ ಅವರ ಸಲುವಾಗೇ ಐತಿ ತಿಳಕೋ. ಯಾವನರ ಬಂದು ಗದ್ಲ ಮಾಡಿದ್ರ ಏನ್ಮಾಡ್ತಿ?"

"ಗದ್ಲ ಮಾಡಾವ ಹೊರಗ ಇರ್ತಾನ್ರಿ ಸಾವುಕಾರ್ರ. ಹೊರಗಿನ ಚಿಲಕ ಅವನ ಕೈಗೇ ಸಿಗತೈತಿ. ಒಳಗಿದ್ದಾಕಿ ಕೈಗೆ ಏನ ಸಿಗತೈತಿ?"

ಕೊಟ್ರಬಸಪ್ಪನವರು ಚಹಾದವನನ್ನು ಕೂಗಿದರು.

ಹುಚ್ಚೀರಪ್ಪ ಗೋಡೆಗೆ ಒರಗಿದ್ದ ಹೆಬ್ಬಾಗಿಲಿನ ಕಡೆ ಕೈ ತೋರಿಸಿದ. "ಇದಕ್ಕ ಒಳಗ ಮೂರು ಚಿಲಕ ಹಚ್ಚು ಅಂದೀರಿ. ಹಿತ್ತಾಳಿವು. ನಡುವ ಒಂದು ತೂತು ಬ್ಯಾರೆ, ಬಂದವರ ಮುಖ ನೋಡಾಕ. ನಿಮ್ಮ ಮನ್ಯಾಗ ಇಬ್ಬರು ಗಂಡಸರು, ಒಂದು ನಾಯಿ. ಆದ್ರೂ ಮೂರು ಬೇಕು. ನಾ ಬ್ಯಾಡ ಅಂದೆನೇನ್ರಿ?"

"ಹುಚ್ಚೀರಪ್ಪ, ಮಾತು ಎಲ್ಲಿಂದ ಎಲ್ಲಿಗೋ ತರಬ್ಯಾಡ." ಮೆತ್ತನೆಯ ದನಿ ಮೆತ್ತಗೇ ಇತ್ತು, ಒಳಗೆ ಮಾತ್ರ ಗಟ್ಟಿಯಾಗಿತ್ತು. "ನಾಳಿ ಹನ್ನೊಂದಕ್ಕ ಜಿಲ್ಲಾದಿಂದ ಮೇಡಂ ಬರ್ತಾರ, ನೋಡಿಕೊಂಡು ಹೋಗ್ಲಿ. ನೀ ಈ ಹೆಬ್ಬಾಗಿಲ ಮುಗಸು. ನಿನ್ನ ಕೆಲಸ ನೀ ಮಾಡು."

"ಅದೂ ನನ್ನ ಕೆಲಸಾನ ಐತ್ರಿ" ಎಂದು ಹುಚ್ಚೀರಪ್ಪ ಚಹಾ ಕುಡಿಯದೆ ಎದ್ದ.

ಮನೆಯಲ್ಲಿ ಹೆಂಡತಿ ಶಂಕ್ರಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ಮೊದಲು ಕೇಳಿದ್ದು ಹೆಬ್ಬಾಗಿಲಿನ ಮಾತು. ಗಂಡ ಇಟಗಿಯಿಂದ ಬಂದ ಸಂಜೆ ಊಟ ಮರೆತು ಕಾಗದ ಹರವಿಕೊಂಡು ಕೂತಿದ್ದನ್ನು ಅವಳು ನೋಡಿದ್ದಳು.

"ಅಂವ ಸಿಟ್ಟಾದ್ರ ಹೆಬ್ಬಾಗಿಲ ಕೈ ಬಿಟ್ಟು ಹೋಗತೈತಿ. ಗೊತ್ತೈತಿಲ್ಲ?"

"ಗೊತ್ತೈತಿ."

"ಆ ಹುಡುಗಿ ಎಷ್ಟು ವಯಸ್ಸಿನಾಕಿ?"

"ಹದಿಮೂರೋ ಹದಿನಾಕೋ."

ಶಂಕ್ರಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅದು ಉಬ್ಬಿ ಬೆಂದ ಮೇಲೆ ಅಂದಳು. "ಹಂಗಾದ್ರ ಅವನ್ನ ಕೇಳಾಕ ಯಾಕ ಹೋಗಿದ್ರಿ? ತಪ್ಪು ಮಾಡಿದ ಕೈ ತಾನ ತಿದ್ದಬೇಕು. ಅದಕ್ಯಾರ ಅಪ್ಪಣಿ?"

ಮರುದಿನ ಬೆಳಿಗ್ಗೆ ಹುಚ್ಚೀರಪ್ಪ ಒಂಬತ್ತು ಚಿಲಕ, ಒಂಬತ್ತು ತುಂಡು ಬೇವಿನ ಹಲಗೆ ಹೊತ್ತುಕೊಂಡು ಗೋದಾಮಿಗೆ ಬಂದ. ಬರಿಯ ಪ್ಲೈವುಡ್ಡಿನಲ್ಲಿ ತಿರುಪು ನಿಲ್ಲುವುದಿಲ್ಲ, ಒಬ್ಬ ಗಂಡಸು ಜೋರಾಗಿ ಎಳೆದರೆ ಕಿತ್ತು ಬರುತ್ತದೆ. ಅದಕ್ಕೆ ಹಿಂದೆ ಹಲಗೆ ಕೊಟ್ಟು ಕೂಡಿಸಬೇಕು. ಅವಸರದ ಕೆಲಸವಲ್ಲ ಅದು. ಯಮನೂರಪ್ಪ ಅವನ ಹೆಗಲ ಮೇಲಿನ ಹೊರೆ ನೋಡಿದ, ಆಕಾಶ ನೋಡಿದ, "ನಾ ಚಾ ಕುಡಿಯಾಕ ಹೋಗತೀನಪಾ. ನಾನಂತೂ ಏನೂ ನೋಡಿಲ್ಲ" ಎಂದು ಹೊರಟುಹೋದ. ಹೋಗುವ ಮೊದಲು ಒಂಬತ್ತೂ ಬಾಗಿಲು ತೆಗೆದಿಟ್ಟಿದ್ದ.

ಗೇಟಿನಿಂದ ಕಾಣಬಾರದೆಂದು ಹುಚ್ಚೀರಪ್ಪ ಹಿಂದಿನ ತುದಿಯಿಂದ, ಒಂಬತ್ತನೇ ಕೋಣೆಯಿಂದ ಶುರುಮಾಡಿದ. ಆ ಕೋಣೆಯ ನಜೀಬ ಎಂಬ ಮಧ್ಯವಯಸ್ಸಿನವನು ಏನೂ ಕೇಳದೆ ಬಂದು ಬಾಗಿಲನ್ನು ಅಲುಗದಂತೆ ಹಿಡಿದುಕೊಂಡ. ಒಂಬತ್ತು ಮುಗಿಯಿತು, ಎಂಟು ಮುಗಿಯಿತು, ಏಳು ಮುಗಿಯಿತು. ಆರನೆಯದಕ್ಕೆ ಹಲಗೆ ಕೂಡಿಸುತ್ತಿದ್ದಾಗ ಗೇಟಿನಲ್ಲಿ ಕಾರಿನ ಸದ್ದಾಯಿತು. ಹನ್ನೊಂದಕ್ಕೆ ಬರಬೇಕಾದವರು ಹತ್ತಕ್ಕೇ ಬಂದಿದ್ದರು. ಅಧಿಕಾರಿಗಳು ಹೇಳಿದ ಹೊತ್ತಿಗಿಂತ ಮೊದಲೇ ಬರುವುದು ಇಂಥ ದಿನವೇ.

ಜಿಲ್ಲೆಯಿಂದ ಬಂದ ಅಧಿಕಾರಿ ಶಾಂಭವಿಯವರಿಗೆ ನಲವತ್ತರ ಮೇಲಿರಬೇಕು. ಕೈಯಲ್ಲಿ ಒಂದು ಪಟ್ಟಿ. ಫ್ಯಾನು ಎಷ್ಟು, ದೀಪ ಎಷ್ಟು, ನೀರು ಎಲ್ಲಿಂದ ಎಂದು ಒಂದೊಂದನ್ನೇ ಕೇಳಿ ಗುರುತು ಹಾಕುತ್ತ ಬಂದರು. ಹಿಂದೆ ಕೊಟ್ರಬಸಪ್ಪನವರು, ಕೊಟ್ರೇಶ, ಕ್ಯಾಮೆರಾದ ಒಬ್ಬ. ಒಂದನೇ ನಂಬರಿನ ಮುಂದೆ ಕಂಬಳಿ ಹಂಚಿದ್ದಾಯಿತು. ಏಪ್ರಿಲ್ ತಿಂಗಳ ತಗಡಿನ ಕೆಳಗೆ, ಬೆವರು ಒರೆಸಿಕೊಳ್ಳುತ್ತ, ತಲೆಗೆ ಎರಡರಂತೆ ಉಣ್ಣೆಯ ಕಂಬಳಿ ಕೊಟ್ಟರು. ತೆಗೆದುಕೊಂಡವರು ನಗಬೇಕೆಂದು ಕ್ಯಾಮೆರಾದವನು ಹೇಳಿದ. ಅವರು ನಕ್ಕರು. ಹೇಳಿದ್ದನ್ನು ಕೇಳಿ ಅಭ್ಯಾಸವಾಗಿತ್ತು ಪಾಪ.

"ಇವರು ಯಾರು?" ಆರನೇ ಬಾಗಿಲಿಗೆ ಬಂದಾಗ ಶಾಂಭವಿಯವರು ಕೇಳಿದರು.

"ನಮ್ಮ ಬಡಿಗ್ಯಾರ್ರಿ ಮೇಡಂ. ಸಣ್ಣ ರಿಪೇರಿ" ಅಂದರು ಕೊಟ್ರಬಸಪ್ಪನವರು. ಕಣ್ಣು ಹುಚ್ಚೀರಪ್ಪನ ಕೈಯಲ್ಲಿದ್ದ ಚಿಲಕದ ಮೇಲಿತ್ತು.

ಹುಚ್ಚೀರಪ್ಪ ಎದ್ದು ನಿಂತ. "ರಿಪೇರಿ ಅಲ್ರಿ ಅವ್ವಾರ, ತಪ್ಪು ತಿದ್ದಾಕತ್ತೀನಿ. ಈ ಕೋಣಿ ನೆಲ್ಲಿಗಂತ ಮಾಡಿದ್ದೆ. ನೆಲ್ಲಿನ ಚೀಲಕ್ಕ ಒಳಗಿನ ಚಿಲಕ ಬೇಕಾಗಂಗಿಲ್ಲ. ನನ್ನ ಮಾತು ಬ್ಯಾಡ. ನೀವ ಒಂದು ಸಲ ಒಳಗ ಹೋಗಿ ಬಾಗಲಾ ಮುಚ್ಚಿಕೊಂಡು ನಿಂದರ್ರಿ. ಅಷ್ಟು ಸ್ವಲ್ಪ ಮಾಡ್ರಿ."

ಕೊಟ್ರೇಶ ಏನೋ ಹೇಳಲು ಬಾಯಿ ತೆರೆದ. ಶಾಂಭವಿಯವರು ಅವನ ಕಡೆ ನೋಡಲಿಲ್ಲ. ಪಟ್ಟಿಯನ್ನು ಸೊಫಿಕಾಳ ಕೈಗೆ ಕೊಟ್ಟು, ಎತ್ತರದ ಹೊಸ್ತಿಲು ದಾಟಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಒಳಗೆ ಪ್ಲೈವುಡ್ಡಿನ ಮೇಲೆ ಕೈಯಾಡಿಸಿದ ಸಪ್ಪಳ ಹೊರಗಿದ್ದ ಎಲ್ಲರಿಗೂ ಕೇಳಿತು. ಕೈ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಚಿಲಕ ಇರಬೇಕಾದಲ್ಲಿ ಹುಡುಕುತ್ತಿತ್ತು.

ಹೊರಗೆ ಬಂದ ಶಾಂಭವಿಯವರು ಕುತ್ತಿಗೆಯ ಬೆವರು ಒರೆಸಿಕೊಂಡರು. "ಹೊರಗಿನಿಂದ ಚಿಲಕ ಹಾಕಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲವಲ್ಲ" ಅಂದರು.

"ಹಾಕಬಾರದು ಅಂತನೂ ಇಲ್ರಿ ಮೇಡಂ" ಅಂದ ಕೊಟ್ರೇಶ.

"ಇವರ ಸುರಕ್ಷತೆಯ ಪ್ರಶ್ನೆ ಐತ್ರಿ" ಅಂದರು ಕೊಟ್ರಬಸಪ್ಪನವರು.

ಸೊಫಿಕಾ ಪಟ್ಟಿಯನ್ನು ಮರಳಿ ಕೊಡುತ್ತ ಅಂದಳು. "ಇದರಾಗ ಚಿಲಕದ ಸುದ್ದಿನ ಇಲ್ರಿ. ಕಂಬಳಿ ಐತಿ."

ಶಾಂಭವಿಯವರು ಬಹಳ ಹೊತ್ತು ಆ ಹುಡುಗಿಯನ್ನು ನೋಡಿದರು. ಅವರಿಗೆ ಅರ್ಥವಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಅರ್ಥವಾದವರು ಏನು ಮಾಡಿದರು? "ಸದ್ಯಕ್ಕೆ ಎರಡೂ ಕಡೆ ಇರಲಿ. ಒಳಗೂ ಇರಲಿ, ಹೊರಗೂ ಇರಲಿ. ನಾನು ಮೇಲಿನವರಿಗೆ ಬರೆದು ಕೇಳ್ತೀನಿ" ಅಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೊಟ್ರಬಸಪ್ಪನವರು ತಲೆದೂಗಿದರು, ಕೊಟ್ರೇಶ ತಲೆದೂಗಿದ, ಕ್ಯಾಮೆರಾದವನು ಇನ್ನೊಂದು ಫೋಟೋ ತೆಗೆದ. ಒಬ್ಬ ಮನುಷ್ಯನನ್ನು ಕೂಡಿಹಾಕುವುದು ತಪ್ಪು ಎಂದು ಹೇಳಲು ಯಾರಿಗೆ ಬರೆದು ಕೇಳಬೇಕೋ, ಅವರು ಎಷ್ಟು ಮೇಲಿರುತ್ತಾರೋ, ಶಿವನೇ ಬಲ್ಲ.

ಕಾರು ಹತ್ತುವ ಮೊದಲು ಕೊಟ್ರಬಸಪ್ಪನವರು ಹುಚ್ಚೀರಪ್ಪನ ಹತ್ತಿರ ಬಂದರು. ಹೆಗಲ ಮೇಲೆ ಕೈಯಿಟ್ಟರು. "ಹೆಬ್ಬಾಗಿಲಿಗೆ ಹೊಸಪೇಟಿಯಿಂದ ಮಂದಿ ಕರಸ್ತೀನಪಾ. ನಿನಗೂ ವಯಸ್ಸಾತು, ಭಾಳ ದಣದಿ" ಅಂದರು. ಅಷ್ಟೇ. ಬೈಗುಳವಿಲ್ಲ, ಜೋರು ಮಾತಿಲ್ಲ.

ಇಟಗಿಯ ಬಳ್ಳಿ ಇನ್ನೂ ಒಂದಿಷ್ಟು ಉಳಿದಿತ್ತು. ಎಡಗಡೆಯ ಕೆಳತುದಿ, ಮೂರು ಎಲೆ, ಒಂದು ಮೊಗ್ಗು. ಹೊಸಪೇಟೆಯವನು ಅದನ್ನು ಯಂತ್ರದಲ್ಲಿ ಕೊರೆದು ಮುಗಿಸುತ್ತಾನೆ. ಹುಚ್ಚೀರಪ್ಪ ನೀರು ಕುಡಿದ. ಆಮೇಲೆ ಆರನೇ ಬಾಗಿಲಿಗೆ ಮರಳಿ ಬಂದು ಉಳಿದ ನಾಲ್ಕು ತಿರುಪು ಬಿಗಿದ.

ಚಿಲಕ ಎಳೆದು ನೋಡಿದ, ನೂಕಿ ನೋಡಿದ. ಮೇಲೆತ್ತಿ ಬಡಿದ. ಅಲುಗಲಿಲ್ಲ. ಸೆನುವಾರಾಳನ್ನು ಕರೆದು, ಮಗಳ ಕಡೆ ತಿರುಗಿದ.

"ನಿಮ್ಮವ್ವಗ ಹೇಳವ್ವ. ನಮ್ಮ ಮನೆತನದಾಗ ಒಂದು ಪದ್ಧತಿ ಐತಿ. ಬಾಗಲಾ ಕೂಡಿಸಿದ ಮ್ಯಾಲೆ ಮನಿಯಾಕಿ ಒಳಗ ಹೋಗಿ ಚಿಲಕ ಹಾಕ್ಕೋಬೇಕು. ನಾ ಹೊರಗ ನಿಂತು ಬಾಗಲಾ ಬಡೀತೀನಿ. ಅಕಿ ಯಾರು ಅಂತ ಕೇಳಬೇಕು, ನಾ ನನ್ನ ಹೆಸರ ಹೇಳಬೇಕು. ಅಕಿಗೆ ತಗೀಬೇಕು ಅನಿಸಿದ್ರ ತಗೀತಾಳ, ಇಲ್ಲಾಂದ್ರ ಇಲ್ಲ. ತಗದಾಕಿ ಬಡಿಗ್ಯಾಗ ಬೆಲ್ಲದ ಚೂರು ಕೊಡ್ತಾಳ. ಅಲ್ಲೀತನಕ ನಾ ಉಳಿ ಬಾಚಿ ಹತಾರ ಕಟ್ಟಂಗಿಲ್ಲ. ನಮ್ಮಪ್ಪ ಹಂಗ ಮಾಡತಿದ್ದ, ಅವರಪ್ಪ ಹಂಗ ಮಾಡತಿದ್ದ."

ಸೊಫಿಕಾ ತನ್ನ ಭಾಷೆಯಲ್ಲಿ ಹೇಳಿದಳು. ಸೆನುವಾರಾ ಎರಡು ಸಲ ಕೇಳಿ ತಿಳಿದುಕೊಂಡಳು. "ಗುಡ್ ನಹೀ" ಅಂದು, ಬೆಲ್ಲವಿಲ್ಲವೆಂದು ಕೈ ಬರಿದು ಮಾಡಿ ತೋರಿಸಿದಳು. ಬೆಲ್ಲ ಇಲ್ಲದಿದ್ದರೂ ನಡೆಯುತ್ತದೆ ಅಂದ ಹುಚ್ಚೀರಪ್ಪ. ತಾಯಿ ಮಗಳು ಒಳಗೆ ಹೋದರು. ಬಾಗಿಲು ಮುಚ್ಚಿತು. ಚಿಲಕ ಜಾರಿ ತನ್ನ ಜಾಗದಲ್ಲಿ ಕೂತದ್ದು ಕೇಳಿತು. ಒಳಗಿನಿಂದ ಯಾರೋ ಅದನ್ನು ಎಳೆದು ನೋಡಿದರು, ಮತ್ತೊಮ್ಮೆ ಎಳೆದು ನೋಡಿದರು.

ಅವರಿಗೂ ಒಂದು ಗಳಿಗೆ ಬಿಡಬೇಕೆಂದು ಹುಚ್ಚೀರಪ್ಪ ಹತ್ತಿರದ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡ. ಆಮೇಲೆ ಎದ್ದು ಬಂದು ಬಾಗಿಲು ಬಡಿದ. ಉತ್ತರವಿಲ್ಲ. ಇನ್ನೊಮ್ಮೆ ಬಡಿದ. ಯಾರೂ ಕೇಳದಿದ್ದರೂ "ನಾನ್ರಿ, ಹುಚ್ಚೀರಪ್ಪ ಬಡಿಗೇರ" ಅಂದ. ಆಗಲೂ ಇಲ್ಲ. ಅವನಿಗೆ ಗಾಬರಿಯಾಗಿ ಕಿವಿಯನ್ನು ಹಲಗೆಗೆ ಹಚ್ಚಿದ.

ಒಳಗೆ ಫ್ಯಾನು ತಿರುಗುತ್ತಿತ್ತು. ಅದರ ಜೊತೆಗೆ ಇಬ್ಬರ ಉಸಿರು. ಒಂದು ಸಣ್ಣದು. ಇನ್ನೊಂದು ದೊಡ್ಡವರ ಗೊರಕೆ, ಭಾರವಾಗಿ, ಏರಿ ಇಳಿಯುತ್ತ.

ಯಮನೂರಪ್ಪ ಚಹಾ ಮುಗಿಸಿ ಬಂದವನು ಕೇಳಿದ. "ಯಾಕೋ, ತಗೀವಲ್ಲರೇನು? ನಾ ಜೋರ್ಲೆ ಕರೀಲೇನು?"

ಹುಚ್ಚೀರಪ್ಪ ತುಟಿಯ ಮೇಲೆ ಬೆರಳಿಟ್ಟ. ಯಮನೂರಪ್ಪ ಬಾಗಿಲನ್ನು ನೋಡಿದ, ಅವನನ್ನು ನೋಡಿದ. ಚಪ್ಪಲಿ ಕಳೆದು ಕೈಯಲ್ಲಿ ಹಿಡಿದುಕೊಂಡು ತನ್ನ ಸ್ಟೂಲಿನ ಕಡೆ ನಡೆದ.

ಉಳಿದ ಐದು ಬಾಗಿಲು ಆಮೇಲೆ ನೋಡೋಣವೆಂದು ಹುಚ್ಚೀರಪ್ಪ ಸದ್ದು ಮಾಡುವ ಡ್ರಿಲ್ಲನ್ನು ಚೀಲದೊಳಗೆ ಹಾಕಿ, ಹಳೆಯ ಸ್ಕ್ರೂಡ್ರೈವರು ಹೊರಗೆ ತೆಗೆದ. ಹೊರಗಿನ ಚಿಲಕದ ಮುಂದೆ ಮೊಣಕಾಲೂರಿ ಕೂತು ತಿರುಪುಗಳನ್ನು ಒಂದೊಂದಾಗಿ ಕೈಯಿಂದ ಸಡಿಲಿಸತೊಡಗಿದ. ಒಂದು ಬಂತು, ಎರಡು ಬಂತು. ಮೂರನೆಯದು ಬಿಗಿಯಾಗಿತ್ತು. ಜೋರು ಮಾಡಿದರೆ ಸಪ್ಪಳವಾದೀತೆಂದು ಅವನು ಅದಕ್ಕೆ ಒಂದು ಹನಿ ಎಣ್ಣೆ ಬಿಟ್ಟು, ಅದು ಒಳಗೆ ಇಳಿಯುವವರೆಗೆ ಕಾದು ಕೂತ.